ಹಳೇ ಶೀಟಿನಲ್ಲಿ ಕಲ್ನಾರು ಇದೆಯಾ ಅಂತ ನೋಡಿದರೆ ಗೊತ್ತಾಗುತ್ತಾ?
ಇಲ್ಲ, ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ ಎಳೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಹಳೇ ಕಟ್ಟಡದಲ್ಲಿ ಬೂದು ಬಣ್ಣದ ಅಲೆಯಲೆ ಸಿಮೆಂಟ್ ಶೀಟು, ಬಿಸಿನೀರಿನ ಪೈಪಿಗೆ ಸುತ್ತಿದ ಹೊದಿಕೆ, 9 ಇಂಚಿನ ವಿನೈಲ್ ಟೈಲು ಕಂಡರೆ ಇದೆ ಅಂತಲೇ ಅಂದುಕೊಳ್ಳಿ.

ಒಂಚೂರು ಮುರಿದು ನೋಡೋಣ ಅನಿಸುತ್ತೆ ಅಲ್ವಾ? ಅದೊಂದು ಬೇಡ. ಗಟ್ಟಿ ಶೀಟು ಸುಮ್ನೆ ಇದ್ದರೆ ಅಪಾಯ ಕಡಿಮೆ. ಕೊರೆದಾಗ, ಉಜ್ಜಿದಾಗ ಏಳುವ ದೂಳೇ ಶ್ವಾಸಕೋಶಕ್ಕೆ ಕಂಟಕ. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಮಾದರಿಯನ್ನು ತರಬೇತಿ ಪಡೆದವರಿಂದಲೇ ತೆಗೆಸಿ. ಅವರು ಮೊದಲು ಸೋಪು ನೀರು ಸಿಂಪಡಿಸಿ, ಉಗುರಿನಷ್ಟು ಚೂರು ತೆಗೆದು, ಎರಡು ಚೀಲದೊಳಗೆ ಮುಚ್ಚುತ್ತಾರೆ. ಕಿತ್ತ ಜಾಗಕ್ಕೆ ಟೇಪ್ ಅಂಟಿಸುತ್ತಾರೆ. ಆಮೇಲೆ ಲ್ಯಾಬಿನ ಮೈಕ್ರೋಸ್ಕೋಪೇ ಹೇಳಬೇಕು.