ಗಣಕ ಪ್ರಶ್ನೋತ್ತರ: ಆಯತದ ಮೊತ್ತ, ನಾಲ್ಕೇ ಮನೆ ನೋಡಿ

ಪ್ರಶ್ನೆ: ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅಚ್ಚುಕಟ್ಟಿನ ಒಂದು ಚದರ ಕಿಲೋಮೀಟರ್ ಕಬ್ಬಿನ ಬಯಲನ್ನು ಒಂದೊಂದು ಮೀಟರಿನ ಚೌಕ ಮಾಡಿ, ಪ್ರತಿ ಚೌಕದ ಅಂದಾಜು ಇಳುವರಿಯನ್ನು ಗ್ರಾಂ ಲೆಕ್ಕದಲ್ಲಿ 1000 × 1000 ಅರೇಯಲ್ಲಿ (ಸಾಲು, ಕಾಲಂಗಳ ಕೋಷ್ಟಕದಲ್ಲಿ) ಇಟ್ಟಿದ್ದೇನೆ. ಕೇಳಿದ ಆಯತದೊಳಗಿನ ಒಟ್ಟು ಇಳುವರಿ ಹೇಳಬೇಕು. ಒಂದು ಲಕ್ಷ ಆಯತ ಕೊಟ್ಟರೆ ಪ್ರೋಗ್ರಾಂ ಮುಗಿಯುವುದೇ ಇಲ್ಲ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ಆಯತಗಳು ದೊಡ್ಡವಾದರೆ ಪ್ರತಿ ಸಲ ಒಂದೊಂದೇ ಚೌಕ ಕೂಡುವ ನಿಮ್ಮ ಲೂಪ್ ಹತ್ತು ಸಾವಿರ ಕೋಟಿ ಕೂಡಿಕೆ ಮಾಡಬೇಕಾದೀತು. ಕೂಡಿದ್ದನ್ನೇ ಮತ್ತೆ ಮತ್ತೆ ಕೂಡುತ್ತಿದೆ. ಒಮ್ಮೆ ಕೂಡಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಕೋಷ್ಟಕ ಮಾಡಿ. ಅದರ ಪ್ರತಿ ಮನೆಯಲ್ಲಿ, ಮೇಲಿನ ಎಡ ಮೂಲೆಯಿಂದ ಆ ಮನೆಯವರೆಗಿನ ಇಡೀ ಆಯತದ ಮೊತ್ತ ಇರಲಿ. ತುಂಬುವ ಬಗೆ: ಮೂಲ ಸಂಖ್ಯೆ + ಮೇಲಿನ ಮನೆ + ಎಡದ ಮನೆ − ಓರೆಯಲ್ಲಿ ಮೇಲೆ ಎಡಕ್ಕಿರುವ ಮನೆ. ಓರೆಯ ಮನೆಯ ಮೊತ್ತ ಎರಡು ಸಲ ಸೇರಿರುತ್ತದೆ, ಅದಕ್ಕೇ ಒಮ್ಮೆ ಕಳೆಯುವುದು.

ಮೂಲ ಸಾಲುಗಳು: 4 2 7 / 1 5 3 / 6 8 2
ಮೊತ್ತದ ಸಾಲುಗಳು: 4 6 13 / 5 12 22 / 11 26 38

ಈಗ 2–3ನೇ ಸಾಲು, 2–3ನೇ ಕಾಲಂನ ಆಯತ ಬೇಕು ಅನ್ನಿ. 38ರಿಂದ ಮೇಲಿನ ಪಟ್ಟಿಯ 13, ಎಡ ಪಟ್ಟಿಯ 11 ಕಳೆಯಿರಿ. ಮೂಲೆಯ 4 ಎರಡು ಸಲ ಹೋಯಿತು, ಒಮ್ಮೆ ವಾಪಸ್ ಕೂಡಿ: 18. ನೇರವಾಗಿ 5+3+8+2 ಮಾಡಿದರೂ 18.

ಎಡವುವುದು ಇಲ್ಲೇ. ಕಳೆಯಬೇಕಾದ್ದು ಆಯತದ ಮೊದಲ ಸಾಲಿನ ಹಿಂದಿನ ಸಾಲನ್ನು, ಮೊದಲ ಕಾಲಂನ ಹಿಂದಿನ ಕಾಲಂ ಅನ್ನು. ಆ ‘ಮೈನಸ್ ಒಂದು’ ಮರೆತರೆ ಇದೇ ಲೆಕ್ಕ 38−22−26+12 ಆಗಿ, ಬರೀ 2 ಬರುತ್ತದೆ. ಆಯತದ ಮೇಲಿನ ಸಾಲೂ ಎಡ ಕಾಲಂ ಕೂಡ ಮಾಯ. ಹಿಂದಿನ ಸಾಲು, ಕಾಲಂ ಇಲ್ಲದ ಅಂಚಿನ ಆಯತಗಳಿಗೆ ‘ಇಫ್’ ಷರತ್ತು ಹಾಕುತ್ತಾ ಕೂರಬೇಡಿ. ಮೊತ್ತದ ಕೋಷ್ಟಕವನ್ನು 1001 × 1001 ಮಾಡಿ, ಸೊನ್ನೆಯ ಸಾಲು ಮತ್ತು ಕಾಲಂನಲ್ಲಿ ಬರೀ 0 ಬಿಡಿ.

ಪ್ರಶ್ನೆ: ಇದೇ ವಿಧಾನವನ್ನು ಜಾವಾದಲ್ಲಿ ಬರೆದಿದ್ದೇನೆ. ಸಣ್ಣ ಆಯತಗಳಿಗೆಲ್ಲ ಸರಿ, ದೊಡ್ಡ ಆಯತಕ್ಕೆ ಒಮ್ಮೊಮ್ಮೆ ಋಣ ಸಂಖ್ಯೆ ಬರುತ್ತದೆ. ಸೂತ್ರ ತಪ್ಪೇ?
– ಓದುಗರು, ಮೈಸೂರು

ಉತ್ತರ: ಸೂತ್ರ ಸರಿ, ಪೂರ್ಣಾಂಕ ಇಡುವ ‘ಇಂಟ್’ ಬಗೆ ಸಾಲದು. ಅದು ಹಿಡಿಯುವುದು 2147483647ರವರೆಗೆ. ಎಕರೆಗೆ 40 ಟನ್ ಕಬ್ಬು ಅಂದರೆ ಚದರ ಮೀಟರಿಗೆ ಸುಮಾರು 10,000 ಗ್ರಾಂ. ಹತ್ತು ಲಕ್ಷ ಚೌಕಕ್ಕೆ ಸಾವಿರ ಕೋಟಿ. ಜಾವಾದಲ್ಲಿ ಮಿತಿ ದಾಟಿದ ಸಂಖ್ಯೆ ಋಣದ ತುದಿಯಿಂದ ಸುತ್ತಿ ಬರುತ್ತದೆ, ಕಳೆಯುವಾಗ ಆ ಸುತ್ತೂ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಕೊನೆಯ ಉತ್ತರ ಮಿತಿಯೊಳಗಿದ್ದರೆ ಸರಿಯಾಗಿಯೇ ಕಾಣುತ್ತದೆ, ತಪ್ಪು ಬಹಳ ದಿನ ಅಡಗಿರುತ್ತದೆ. ಕೋಷ್ಟಕವನ್ನೂ ಉತ್ತರವನ್ನೂ ಇನ್ನೂ ದೊಡ್ಡ ಪೂರ್ಣಾಂಕ ಹಿಡಿಯುವ ‘ಲಾಂಗ್’ ಮಾಡಿ. ಖರ್ಚು ಸುಮಾರು 8 ಎಂಬಿ ಅಷ್ಟೇ.

ಪ್ರಶ್ನೆ: ನಡುವೆ ಒಂದು ಚೌಕದ ಸಂಖ್ಯೆ ಬದಲಾದರೆ?
– ಓದುಗರು, ಮದ್ದೂರು

ಉತ್ತರ: ಆ ಮನೆಯೂ ಅದರ ಬಲಕ್ಕೆ, ಕೆಳಕ್ಕೆ ಇರುವ ಎಲ್ಲ ಮೊತ್ತಗಳೂ ಕೆಡುತ್ತವೆ. ಬದಲಾವಣೆ ದಿನಕ್ಕೊಮ್ಮೆ ಬರುವುದಾದರೆ ಇಡೀ ಕೋಷ್ಟಕ ಮತ್ತೆ ಕಟ್ಟಿಬಿಡಿ. ಹತ್ತು ಲಕ್ಷ ಮನೆ ಕಂಪ್ಯೂಟರಿಗೆ ಯಾವ ಲೆಕ್ಕ! ಬದಲಾವಣೆ, ಪ್ರಶ್ನೆ ಎರಡೂ ಬೆರೆತು ಬರುತ್ತಿದ್ದರೆ ಮಾತ್ರ ಎರಡು ಆಯಾಮದ ಫೆನ್ವಿಕ್ ಟ್ರೀ (ಮೊತ್ತಗಳನ್ನು ತುಂಡು ತುಂಡಾಗಿ ಇಡುವ ರಚನೆ) ಹಿಡಿಯಿರಿ. 1000 × 1000ಕ್ಕೆ ಒಂದು ಬದಲಾವಣೆಗೆ ಹೆಚ್ಚೆಂದರೆ 100 ಮನೆ ಮುಟ್ಟಿದರಾಯಿತು. ಪ್ರಶ್ನೆಗೆ ನಾಲ್ಕು ಮೂಲೆ ಇರುವುದರಿಂದ 400 ಮೀರದು. ಅದರಲ್ಲಿ ಸಾಲು, ಕಾಲಂಗಳ ಎಣಿಕೆ 1ರಿಂದಲೇ ಶುರುವಾಗಬೇಕು. 0 ಕೊಟ್ಟರೆ ಬದಲಾಯಿಸುವ ಲೂಪ್ ಮುಂದೆ ಸರಿಯದೆ ಅಲ್ಲೇ ಸುತ್ತುತ್ತದೆ.