ಪ್ಯಾಸಿವ್ ಜಾಝ್ ಬಾಸ್‌ಗೆ 18 ವೋಲ್ಟ್ ಪ್ರೀಆಂಪ್ ಹಾಕಿಸಿದರೆ ವೇದಿಕೆ ಮೇಲೆ ಬಾಸ್ ಚೆನ್ನಾಗಿ ಕೇಳಿಸುತ್ತಾ?

ನಿಮ್ಮದು ನಾಲ್ಕು ತಂತಿಯ ಪ್ಯಾಸಿವ್ (ಬ್ಯಾಟರಿ ಇಲ್ಲದ) ಜಾಝ್ ಬಾಸ್ ಗಿಟಾರ್, ತಂತಿಯ ಕಂಪನ ಹಿಡಿಯುವ ಸಿಂಗಲ್ ಕಾಯಿಲ್ ಪಿಕಪ್ ಎರಡು. ಬೆಂಗಳೂರಿನ ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತೀರಿ, ಬರೀ ಗುಂಯ್‌ಗುಡುತ್ತದೆ, ಸ್ವರ ಕೇಳಿಸಲ್ಲ ಅಂದಿದ್ದೀರಿ. ಪ್ರೀಆಂಪ್‌ನಿಂದ, ಅಂದರೆ ಗಿಟಾರಿನೊಳಗೆ ಬ್ಯಾಟರಿಯಲ್ಲಿ ನಡೆಯುವ ಟೋನ್ ಸರ್ಕ್ಯೂಟ್‌ನಿಂದ, ನಿಮಗೆ ಪ್ರಯೋಜನ ಇದೆ. ಆದರೆ 18 ವೋಲ್ಟ್ ಮಾತು ಆಮೇಲೆ, ಮೊದಲು ಮಿಡ್ (ನಡುವಿನ ಆವರ್ತನಗಳು) ನೋಡಿ.

ಓಪನ್ ಇ ತಂತಿಯ ಮೂಲ ಆವರ್ತನ ಸುಮಾರು 41 ಹರ್ಟ್ಸ್. ಪೆಂಡಾಲಿನ 12 ಇಂಚಿನ ಬಾಕ್ಸು ಅಷ್ಟು ಕೆಳಗೆ ಗಟ್ಟಿಯಾಗಿ ನುಡಿಯುವುದಿಲ್ಲ. ಸಾಲದ್ದಕ್ಕೆ ಅದೇ ಜಾಗದಲ್ಲಿ ಕಿಕ್ ಡ್ರಮ್ಮೂ ಇದೆ, ಕೀಬೋರ್ಡಿನವರ ಎಡಗೈಯೂ ಇದೆ. ಅಲ್ಲಿ ಬಾಸ್ ನಾಬ್ (ತಗ್ಗು ಆವರ್ತನದ್ದು) ಏರಿಸಿದಷ್ಟೂ ಗೊಂದಲ ಹೆಚ್ಚು. ಯಾವ ಸ್ವರ ಎಂದು ಕಿವಿ ಹಿಡಿಯುವುದು ಮುಖ್ಯವಾಗಿ 200ರಿಂದ 800 ಹರ್ಟ್ಸ್ ನಡುವಿನ ಹಾರ್ಮೋನಿಕ್‌ಗಳಿಂದ (ಮೂಲ ಸ್ವರದ ಮೇಲಿನ ಉಪಸ್ವರಗಳು). ಹಾಗಾಗಿ ಬಾಸ್-ಟ್ರೆಬಲ್ ಮಾತ್ರ ಇರುವ ಎರಡು ಬ್ಯಾಂಡಿನ ಪ್ರೀಆಂಪ್ ನಿಮಗೆ ಬೇಡ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬಾಸ್ ಎರಡೇ ಬ್ಯಾಂಡಿನಲ್ಲಿ ಹೆಸರು ಮಾಡಿತು ನಿಜ, ಆದರೆ ಅದರ ದೊಡ್ಡ ಹಂಬಕರ್ (ಎರಡು ಕಾಯಿಲಿನ) ಪಿಕಪ್ಪೂ ಅದು ಕೂತಿರುವ ಜಾಗವೂ ಬೇರೆ.

ಅಗ್ಯುಲಾರ್ ಒಬಿಪಿ-3 ಎಂಬ ಪ್ರೀಆಂಪಿನಲ್ಲಿ ಮಿಡ್ ಅನ್ನು ಸ್ವಿಚ್‌ನಿಂದ 400 ಅಥವಾ 800 ಹರ್ಟ್ಸ್‌ಗೆ ಬದಲಿಸಬಹುದು. ಡಾರ್ಕ್‌ಗ್ಲಾಸ್ ಟೋನ್ ಕ್ಯಾಪ್ಸೂಲ್ ಎಂಬ ಇನ್ನೊಂದರಲ್ಲಿ 70, 500 ಮತ್ತು 2,800 ಹರ್ಟ್ಸ್ ಎಂದು ಮೂರು. ಮಾಮೂಲಿ ಟ್ರೆಬಲ್ ನಾಬೇ ಇಲ್ಲ. ಸಿನಿಮಾ ಹಾಡುಗಳಿಗೆ ನನ್ನ ಆಯ್ಕೆ ಮೊದಲನೆಯ ಬಗೆಯದು: 400ರಲ್ಲಿ ಸ್ವಲ್ಪ ಏರಿಸಿದರೆ ಬೆರಳಲ್ಲಿ ನುಡಿಸಿದ ಸ್ವರ ಎದ್ದು ಬರುತ್ತದೆ. ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಮಿಕ್ಸರ್ ಚಾನೆಲ್‌ನಲ್ಲಿ ಆವರ್ತನ ಬದಲಿಸುವ ಮಿಡ್ ನಾಬ್ ಇದ್ದರೆ 400-500ರ ಹತ್ತಿರ 4 ಡೆಸಿಬೆಲ್ ಏರಿಸಿ, ಬಾಸ್ ಸ್ವಲ್ಪ ಇಳಿಸಿ ಕೇಳಿ. ಅಷ್ಟಕ್ಕೇ ಸರಿಹೋಗಿ, ಸೌಂಡಿನವರು ಪ್ರತಿ ಸಲ ಹಾಗೇ ಇಟ್ಟುಕೊಡುತ್ತಾರೆ ಅಂತಾದರೆ ಗಿಟಾರ್ ಬಿಚ್ಚುವುದೇ ಬೇಡ.

ಹಾಕಿಸುವುದೇ ಆದರೆ ಮೊದಲು ಶೀಲ್ಡಿಂಗ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ). ಜಾಝ್ ಬಾಸ್‌ನ ಎರಡೂ ಪಿಕಪ್ ಸಮವಾಗಿ ತೆರೆದಾಗ ಅವುಗಳ ಹಂ (ಕರೆಂಟ್ ಲೈನಿನ ಗುಂಯ್ ಸದ್ದು) ಒಂದನ್ನೊಂದು ಹೊಡೆದುಹಾಕುತ್ತದೆ. ಒಂದನ್ನು ಇಳಿಸಿದ ಕೂಡಲೇ 50 ಹರ್ಟ್ಸ್ ಹಂ ಹೊರಗೆ ಬರುತ್ತದೆ, ಪ್ರೀಆಂಪಿನ ಬಾಸ್ ಬೂಸ್ಟ್ ಅದನ್ನೂ ಎತ್ತಿ ಕೊಡುತ್ತದೆ. ಕಂಟ್ರೋಲ್‌ಗಳು ಕೂರುವ ಮರದ ಕುಳಿಗೂ ಪಿಕಪ್ ಕುಳಿಗಳಿಗೂ ತಾಮ್ರದ ಟೇಪ್ ಅಂಟಿಸಿ. ಎಸ್.ಪಿ. ರೋಡಿನಲ್ಲಿ ಕೊಳ್ಳುವಾಗ ಅಂಟು ಕೂಡ ವಿದ್ಯುತ್ ಹರಿಸುವಂಥದ್ದೇ ಕೇಳಿ. ಇಲ್ಲದಿದ್ದರೆ ಪ್ರತಿ ಸೇರಿಕೆಗೂ ಒಂದು ಬೊಟ್ಟು ಬೆಸುಗೆ ಬೇಕಾಗುತ್ತದೆ. ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು ಟೇಪಿನಿಂದ ಜ್ಯಾಕ್‌ನ ಸ್ಲೀವ್‌ಗೆ (ಗ್ರೌಂಡ್ ತುದಿ), ತಂತಿಗಳ ಕೊನೆ ಕೂರುವ ಬ್ರಿಡ್ಜ್‌ನಿಂದ ಸ್ಲೀವ್‌ಗೆ ಪರೀಕ್ಷಿಸಿ. ತಂತಿ ಮುಟ್ಟಿದಾಗ ಹಂ ತಗ್ಗಿದರೆ ಬ್ರಿಡ್ಜ್ ಗ್ರೌಂಡ್ ಸರಿಯಿದೆ, ಶೀಲ್ಡಿಂಗ್ ಸಾಲದು. ಮುಟ್ಟಿದಾಗ ಹೆಚ್ಚಾದರೆ ಬ್ರಿಡ್ಜ್‌ನ ವೈರ್ ಬಿಟ್ಟಿರಬಹುದು. ಜನರೇಟರ್ ಮೇಲೆ ನಡೆಯುವ ಪೆಂಡಾಲಿನಲ್ಲಿ ಮೈಕ್ ತುಟಿಗೆ ತಾಗಿದಾಗ ಚುರ್ ಅಂದರೆ ಅದು ಅಲ್ಲಿನ ಅರ್ಥಿಂಗ್ ದೋಷ. ಅದು ಸರಿಯಾಗುವ ತನಕ ಗಿಟಾರ್ ಮುಟ್ಟಬೇಡಿ.

ಆಮೇಲೆ ಜಾಗದ ಲೆಕ್ಕ. ನಿಮ್ಮ ಕಂಟ್ರೋಲ್ ಪ್ಲೇಟಿನಲ್ಲಿ ಮೂರು ಪಾಟ್ (ನಾಬಿನ ಕೆಳಗೆ ತಿರುಗುವ ಭಾಗ) ತೂತು, ಒಂದು ಜ್ಯಾಕ್ ತೂತು. ವಾಲ್ಯೂಮ್-ಬ್ಲೆಂಡ್ (ಎರಡು ಪಿಕಪ್‌ಗಳ ಪಾಲು ಹೊಂದಿಸುವುದು) ಒಂದರ ಮೇಲೊಂದು ಕೂರುವ ಪಾಟ್, ಬಾಸ್-ಟ್ರೆಬಲ್‌ಗೆ ಅಂಥದ್ದೇ ಇನ್ನೊಂದು, ಮಿಡ್‌ಗೆ ಎಳೆದು-ಒತ್ತುವ ಸ್ವಿಚ್ ಇರುವ ಪಾಟ್ ತೆಗೆದುಕೊಂಡರೆ ಮರ ಕೊರೆಯದೆ ಮುಗಿಯುತ್ತದೆ. 9 ವೋಲ್ಟ್ ಬ್ಯಾಟರಿ ಸುಮಾರು 48×26×17 ಮಿಲಿಮೀಟರ್. ಆ ಅಳತೆಯ ರಟ್ಟಿನ ಡಬ್ಬಿ ಮಾಡಿ, ಪಾಟ್‌ಗಳು ಇರುವಾಗಲೇ ಒಳಗೆ ಕೂರುತ್ತದಾ ನೋಡಿ. ಪ್ಲೇಟಿನ ತೂತನ್ನೂ ಅಳೆಯಿರಿ: ಅಗ್ಗದ ಬಾಸ್‌ಗಳಲ್ಲಿ ಸಾಮಾನ್ಯವಾಗಿ 7-8 ಮಿಲಿಮೀಟರ್, ಸಿಟಿಎಸ್ ಕಂಪನಿಯ ದೊಡ್ಡ ಪಾಟ್‌ಗೆ 9.5 ಬೇಕು.

ಪಾಟ್‌ನ ಓಮ್ ಮೌಲ್ಯದಲ್ಲೇ ಹೆಚ್ಚಿನವರು ಎಡವುವುದು. ಪ್ರೀಆಂಪಿಗಿಂತ ಮುಂಚೆ, ಪಿಕಪ್ ಕಡೆ ಕೂರುವ ವಾಲ್ಯೂಮ್ 250 ಕಿಲೋ ಓಮ್ ಇರಬೇಕು. ಪ್ರೀಆಂಪ್ ದಾಟಿದ ಮೇಲಿನದಾದರೆ 25 ಕಿಲೋ ಓಮ್. ಪ್ಯಾಸಿವ್ ಪಿಕಪ್‌ಗೆ ನೇರವಾಗಿ 25 ಹಾಕಿದರೆ ಟ್ರೆಬಲ್ ಸತ್ತು ಕಂಬಳಿ ಹೊದಿಸಿದ ಹಾಗಾಗುತ್ತದೆ. ಪ್ರೀಆಂಪ್ ನಂತರ 250 ಹಾಕಿದರೆ ವಾಲ್ಯೂಮ್ ಅರ್ಧಕ್ಕೆ ಇಳಿಸಿದಾಗ ಉದ್ದ ಕೇಬಲ್ ಟ್ರೆಬಲ್ ನುಂಗುತ್ತದೆ. ನೀವು ವಾಲ್ಯೂಮನ್ನು ಪ್ರೀಆಂಪಿಗಿಂತ ಮುಂಚೆಯೇ ಇಡಿ, ಅದರ ನಂತರ ಪ್ರೀಆಂಪನ್ನು ತಪ್ಪಿಸುವ ಬೈಪಾಸ್ ಸ್ವಿಚ್ ಇರಲಿ; ಮಿಡ್ ಪಾಟ್‌ನ ಎಳೆಯುವ ಸ್ವಿಚ್ಚನ್ನೇ ಇದಕ್ಕೆ ಬಳಸಿ. ಹಾಡಿನ ನಡುವೆ ಬ್ಯಾಟರಿ ಮುಗಿದರೆ ಎಳೆದು ಪ್ಯಾಸಿವ್‌ನಲ್ಲಿ ಮುಂದುವರಿಸಬಹುದು.

ಜ್ಯಾಕ್ ಸ್ಟೀರಿಯೋ (ಟಿಪ್, ರಿಂಗ್, ಸ್ಲೀವ್ ಎಂಬ ಮೂರು ಸಂಪರ್ಕದ್ದು) ಇರಬೇಕು. ಔಟ್‌ಪುಟ್ ಟಿಪ್‌ಗೆ, ಗ್ರೌಂಡ್ ಸ್ಲೀವ್‌ಗೆ, ಬ್ಯಾಟರಿಯ ಕಪ್ಪು ವೈರ್ ರಿಂಗ್‌ಗೆ. ಮಾಮೂಲಿ ಮೋನೋ ಪಿನ್ ಚುಚ್ಚಿದಾಗ ರಿಂಗೂ ಸ್ಲೀವೂ ಸೇರಿ ಪ್ರೀಆಂಪ್ ಆನ್ ಆಗುತ್ತದೆ. ಕಪ್ಪು ವೈರನ್ನು ತಪ್ಪಿ ಸ್ಲೀವ್‌ಗೆ ಹಾಕಿದರೆ ಬ್ಯಾಟರಿ ಹಗಲೂ ರಾತ್ರಿ ಹರಿಯುತ್ತಿರುತ್ತದೆ. ಬೆಸುಗೆ ಹಾಕುವಾಗ ಬ್ಯಾಟರಿ ಬಿಚ್ಚಿಡಿ. ಕ್ಲಿಪ್ಪನ್ನು ಕ್ಷಣಮಾತ್ರ ಉಲ್ಟಾ ತಾಗಿಸಿದರೂ, ರಕ್ಷಣೆಯ ಡಯೋಡ್ ಇಲ್ಲದ ಬೋರ್ಡು ಸುಟ್ಟೀತು. ಎಲ್ಲ ಮುಗಿದ ಮೇಲೆ ಬ್ಯಾಟರಿಯ ಒಂದು ತುದಿ ಬಿಡಿಸಿ, ನಡುವೆ ಮಲ್ಟಿಮೀಟರ್ ಸೇರಿಸಿ ಕರೆಂಟ್ ನೋಡಿ: ಪಿನ್ ಕಿತ್ತಾಗ ಸೊನ್ನೆ ಬರಲೇಬೇಕು, ಚುಚ್ಚಿದಾಗ ತಯಾರಕರು ಹೇಳಿದಷ್ಟು ಮಿಲಿಆಂಪ್.

ಇನ್ನು 18 ವೋಲ್ಟ್, ಅಂದರೆ ಎರಡು 9 ವೋಲ್ಟ್ ಬ್ಯಾಟರಿ. ಅದರಿಂದ ಸದ್ದು ದುಪ್ಪಟ್ಟಾಗುವುದಿಲ್ಲ. ಜೋರಾಗಿ ಸ್ಲ್ಯಾಪ್ ಮಾಡುತ್ತಾ (ಹೆಬ್ಬೆರಳಿನಿಂದ ತಂತಿ ಹೊಡೆಯುತ್ತಾ) ಬಾಸ್ ನಾಬ್ ಪೂರ್ತಿ ಏರಿಸಿದಾಗ ಸದ್ದು ಒಡೆಯದಿರಲು ಹೆಚ್ಚು ಅವಕಾಶ ಸಿಗುತ್ತದೆ, ಅಷ್ಟೇ. ಬೆರಳಲ್ಲಿ ನುಡಿಸುವವರಿಗೆ 9 ಧಾರಾಳ ಸಾಕು. ಎರಡನೇ ಬ್ಯಾಟರಿಗೆ ನಿಮ್ಮ ಕಂಟ್ರೋಲ್ ಕುಳಿಯಲ್ಲಿ ಜಾಗವೂ ಇರಲಾರದು. 9ಕ್ಕೆ ಮಾತ್ರ ಮಾಡಿದ ಬೋರ್ಡಿಗೆ 18 ಕೊಟ್ಟರೆ ಅದು ಕೆಟ್ಟುಹೋಗಬಹುದು. ಆಲ್ಕಲೈನ್ ಬ್ಯಾಟರಿಯನ್ನೇ ಹಾಕಿ, ಹೊಸದು 9.5ರ ಆಸುಪಾಸು ತೋರಿಸುತ್ತದೆ, 8ಕ್ಕೆ ಇಳಿದರೆ ಕಾರ್ಯಕ್ರಮದ ಮುಂಚೆ ಬದಲಿಸಿ. ಯುಎಸ್‌ಬಿಯಲ್ಲಿ ಚಾರ್ಜ್ ಆಗುವ ಲಿಥಿಯಂ ಬ್ಯಾಟರಿಗಳು ಬೇಡ, ಅವುಗಳೊಳಗಿನ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಕೆಲವು ಸಲ ಕೀಂಯ್ ಎಂಬ ಸದ್ದು ಸೇರಿಸುತ್ತದೆ.

ಬೋರ್ಡಿನಲ್ಲಿ ಗೇನ್ ಹೊಂದಿಸುವ ಪುಟ್ಟ ಟ್ರಿಮ್ ಇದ್ದರೆ, ಎಲ್ಲ ನಾಬ್ ನಡುವಿಟ್ಟು, ಬೈಪಾಸ್‌ನಲ್ಲೂ ಆಕ್ಟಿವ್‌ನಲ್ಲೂ (ಪ್ರೀಆಂಪ್ ಸೇರಿದಾಗ) ಸದ್ದು ಒಂದೇ ಮಟ್ಟಕ್ಕೆ ಬರುವಂತೆ ಸಣ್ಣ ಸ್ಕ್ರೂಡ್ರೈವರ್‌ನಿಂದ ಹೊಂದಿಸಿ, ಆಮೇಲೆ ಪ್ಲೇಟ್ ಮುಚ್ಚಿ.