ಎಷ್ಟೇ ಜಾಗೃತಿ ಮೂಡಿಸಿದರೂ ಹಾಸ್ಟೆಲ್ ಹುಡುಗರು ನೀರು, ಕರೆಂಟು ಏಕೆ ಉಳಿಸುವುದಿಲ್ಲ?

ವಿಶ್ವವಿದ್ಯಾಲಯದ ಹಾಸ್ಟೆಲ್ ತುಂಬ ‘ನೀರು ಉಳಿಸಿ’ ಅಂತ ಪೋಸ್ಟರ್ ಅಂಟಿಸಿದ್ದೀರಿ, ಪರಿಸರ ದಿನಕ್ಕೆ ಭಾಷಣವನ್ನೂ ಇಟ್ಟಿದ್ದೀರಿ. ಆದರೂ ನಲ್ಲಿ ಸುರಿಯುತ್ತಿರುತ್ತದೆ, ಖಾಲಿ ರೂಮಿನಲ್ಲಿ ಫ್ಯಾನ್ ತಿರುಗುತ್ತಿರುತ್ತದೆ. ಇವರಿಗೆ ಕಾಳಜಿಯೇ ಇಲ್ಲವೇ ಎಂದು ಕೇಳಿದ್ದೀರಿ. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವವಳು. ಕಾಳಜಿ ಇದೆ ಎಂದೇ ನನ್ನ ನಂಬಿಕೆ. ಆದರೆ ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಏನು ಮಾಡುತ್ತಾನೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಅವನ ಪಕ್ಕದಲ್ಲಿರುವವನು.

ಇದಕ್ಕೆ ನಾನು ತರಗತಿಯಲ್ಲಿ ಕೊಡುವ ಉದಾಹರಣೆ ಕ್ಯಾಲಿಫೋರ್ನಿಯಾದ್ದು. 1980ರ ದಶಕದ ಆರಂಭದಲ್ಲಿ ಎಲಿಯಟ್ ಆರನ್ಸನ್ ಮತ್ತು ಮೈಕೆಲ್ ಓಲಿಯರಿ ಎಂಬ ಸಂಶೋಧಕರು ಅಲ್ಲಿನ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದ ಗಂಡಸರ ಸ್ನಾನದ ಕೋಣೆಯಲ್ಲಿ ಒಂದು ಫಲಕ ಹಾಕಿಸಿದರು: ಮೈ ನೆನೆಸಿಕೊಳ್ಳಿ, ಷವರ್ ನಿಲ್ಲಿಸಿ ಸೋಪು ಹಚ್ಚಿ, ಆಮೇಲೆ ತೊಳೆದುಕೊಳ್ಳಿ. ಹಾಗೆ ಮಾಡಿದವರು ಶೇ. 6 ಮಾತ್ರ. ಅದೇ ಫಲಕವನ್ನು ಎಲ್ಲರ ಕಣ್ಣಿಗೆ ರಾಚುವಂತೆ ಕೋಣೆಯ ನಡುವೆ ನಿಲ್ಲಿಸಿದಾಗ ಶೇ. 19. ಕೆಲವರು ಸಿಟ್ಟಿನಿಂದ ಅದನ್ನು ಬೀಳಿಸಿಯೂ ಹೋದರು. ಕೊನೆಗೆ ಫಲಕವನ್ನು ಮತ್ತೆ ಗೋಡೆಗೆ ಹಾಕಿ, ಒಬ್ಬ ವಿದ್ಯಾರ್ಥಿಯನ್ನು ಒಳಗೆ ನಿಲ್ಲಿಸಿದರು. ಯಾರಾದರೂ ಬಂದರೆ ಅವನು ಮಾತಾಡದೆ, ತಿರುಗಿಯೂ ನೋಡದೆ, ಷವರ್ ನಿಲ್ಲಿಸಿ ಸೋಪು ಹಚ್ಚಿಕೊಳ್ಳುತ್ತಿದ್ದ. ಅಷ್ಟಕ್ಕೇ ಶೇ. 49 ಜನ ಅವನಂತೆ ಮಾಡಿದರು. ಅಂಥವರು ಇಬ್ಬರಿದ್ದಾಗ ಶೇ. 67!

ಅದೇ ಕ್ಯಾಂಪಸ್‌ನಲ್ಲಿ ನಡೆದ, 1992ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವೂ ನನಗೆ ಬಹಳ ಇಷ್ಟ. ಈಜಿ ಬಂದ ಹುಡುಗಿಯರನ್ನು ತಡೆದು, ಅವರು ಸ್ನಾನಕ್ಕೆ ಎಷ್ಟು ನೀರು ಬಳಸುತ್ತಾರೆಂದು ಅವರಿಂದಲೇ ನೆನಪು ಮಾಡಿಸಿದರು. ಆಮೇಲೆ ಬೇರೆಯವರಿಗೆ ‘ನೀರು ಉಳಿಸಿ’ ಎಂದು ಹೇಳುವ ಕರಪತ್ರಕ್ಕೆ ಸಹಿ ಹಾಕಿಸಿದರು. ಹೇಳುವುದು ಒಂದು, ಮಾಡುವುದು ಇನ್ನೊಂದು ಎಂಬ ಕಸಿವಿಸಿ ಮನಸ್ಸಿಗೆ ತಟ್ಟಿತು. ಏನೂ ಕೇಳದೆ ಬಿಟ್ಟವರ ಸ್ನಾನ ಸುಮಾರು ಐದು ನಿಮಿಷ, ಇವರದು ನಾಲ್ಕು ನಿಮಿಷಕ್ಕೂ ಕಡಿಮೆ.

ಹಾಸ್ಟೆಲ್‌ಗಳಿಗೆ ಇನ್ನೊಂದು ತೊಡಕಿದೆ. ಕರೆಂಟು ಬಿಲ್ಲು ವಿದ್ಯಾರ್ಥಿಯ ಕೈಗೆ ಬರುವುದೇ ಇಲ್ಲ. ಅದು ವರ್ಷದ ಫೀಸಿನಲ್ಲಿ ಸೇರಿಹೋಗಿರುತ್ತದೆ. ತಾನು ಎಷ್ಟು ಸುಟ್ಟೆ ಎಂದೇ ತಿಳಿಯದವನು ಯಾವುದನ್ನು ಕಡಿಮೆ ಮಾಡಬೇಕು? ಅಮೆರಿಕದ ಓಬರ್ಲಿನ್ ಕಾಲೇಜು 2005ರಲ್ಲಿ ಹಾಸ್ಟೆಲ್‌ಗಳ ನಡುವೆ ಎರಡು ವಾರದ ಸ್ಪರ್ಧೆ ಇಟ್ಟಿತು. ಒಟ್ಟು ವಿದ್ಯುತ್ ಬಳಕೆ ಶೇ. 32 ಇಳಿಯಿತು. ಬಳಕೆ ಆ ಕ್ಷಣಕ್ಕೇ ಪರದೆಯಲ್ಲಿ ಕಾಣುತ್ತಿದ್ದ ಹಾಸ್ಟೆಲ್‌ಗಳಲ್ಲಿ ಶೇ. 55. ಬಹುಮಾನದ ಆಸೆಯೂ ಇತ್ತೆನ್ನಿ, ಸ್ಪರ್ಧೆ ಮುಗಿದ ಮೇಲೂ ಅಷ್ಟೇ ಉಳಿತಾಯವನ್ನು ನಿರೀಕ್ಷಿಸಬೇಡಿ.

ಒಂದು ಎಚ್ಚರಿಕೆ. ‘ನಮ್ಮಲ್ಲಿ ಎಲ್ಲರೂ ನೀರು ಪೋಲು ಮಾಡುತ್ತಿದ್ದಾರೆ’ ಎಂದು ದಯವಿಟ್ಟು ಬರೆಸಬೇಡಿ. ಓದಿದವನಿಗೆ ತಲುಪುವುದು ‘ಎಲ್ಲರೂ ಮಾಡುತ್ತಾರೆ’ ಎಂಬ ಭಾಗ ಮಾತ್ರ. ಅಮೆರಿಕದ ಅರಿಜೋನಾದಲ್ಲಿ, ಕಲ್ಲಾಗಿಹೋದ ಪ್ರಾಚೀನ ಮರಗಳಿರುವ ‘ಶಿಲಾವನ’ ಉದ್ಯಾನದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡೀನಿ ಅವರ ತಂಡ ಇದನ್ನೇ ಕಂಡಿತು: ಹಿಂದೆ ಬಂದವರು ಮರದ ಪಳೆಯುಳಿಕೆ ಒಯ್ದಿದ್ದಾರೆ ಎಂಬ ಫಲಕ ಹಾಕಿದ ಕಡೆ ಕಳ್ಳತನ ಹೆಚ್ಚಾಯಿತು.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಮೊದಲು ಬ್ಲಾಕಿಗೊಂದು ಪ್ರತ್ಯೇಕ ಮೀಟರ್ ಇದೆಯೇ ಎಂದು ವಾರ್ಡನ್ ಅವರನ್ನು ವಿಚಾರಿಸುತ್ತಿದ್ದೆ. ಇದ್ದರೆ ವಾರದ ಯೂನಿಟ್‌ಗಳನ್ನು ಮೆಸ್ಸಿನ ಬಾಗಿಲಲ್ಲಿ ಬರೆಸಿ. ಪೋಸ್ಟರ್ ಅಂಟಿಸುವ ಕೆಲಸವನ್ನು ಬಿಟ್ಟು, ಪ್ರತಿ ಮಹಡಿಯಲ್ಲೂ ಎಲ್ಲರೂ ಇಷ್ಟಪಡುವ ಇಬ್ಬರು ಸೀನಿಯರ್‌ಗಳನ್ನು ಒಪ್ಪಿಸಿ. ಅವರು ಯಾರಿಗೂ ಬುದ್ಧಿ ಹೇಳುವುದು ಬೇಡ, ಎಲ್ಲರೆದುರು ಫ್ಯಾನ್ ಆರಿಸಿ ರೂಮಿನಿಂದ ಹೊರಟರೆ ಸಾಕು.